ಎಂಟು ದಿನದ ಹರಿತ

ಸಾಣೆಮಾವನ ಅಂಗಡಿಗೆ ಚಾಕು ಒಯ್ದವರು ಯಾರೂ ಅದನ್ನು ಸುಮ್ಮನೆ ಕೊಟ್ಟು ಬಂದದ್ದಿಲ್ಲ. ಬಿಟ್ಟರೆ ತಾನೇ! ಮೊದಲು ವಿಚಾರಣೆ. ಏನು ಹೆಚ್ತೀರಿ? ಯಾವ ಕೈಲಿ? ಮಣೆ ಮರದ್ದೋ, ಪ್ಲಾಸ್ಟಿಕ್ಕೋ? ಒತ್ತಿ ಹೆಚ್ತೀರೋ, ಎಳೆದು ಹೆಚ್ತೀರೋ? ಒಬ್ಬಾಕೆ ಪಿಂಗಾಣಿ ತಟ್ಟೆಯ ಮೇಲೇ ನಿಂಬೆಹಣ್ಣು ಕೊಯ್ಯುತ್ತೇನೆ ಅಂತ ಬಾಯಿತಪ್ಪಿ ಹೇಳಿಬಿಟ್ಟಳು. ಅವಳ ಚಾಕು ಅವಳ ಕೈಗೇ ಇಟ್ಟು, "ಮೊದಲು ಹೋಗಿ ಒಂದು ಮಣೆ ತಗೊಳ್ಳಿ, ಆಮೇಲೆ ಮಾತಾಡೋಣ" ಎಂದು ಕಳಿಸಿದ. ಡಾಕ್ಟರೂ ಇಷ್ಟು ಕೇಳುವುದಿಲ್ಲವಲ್ಲಪ್ಪ ಎಂದು ಜನ ಗೊಣಗುತ್ತಿದ್ದರು. ಗೊಣಗಿಕೊಂಡೇ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು. ಏನು ಮಾಡುತ್ತಾರೆ, ಕೆಲಸ ಹಾಗಿತ್ತು.

ಅಂಗಡಿ ಅಂದರೆ ದೊಡ್ಡದೇನಲ್ಲ, ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ನೆಟ್ಟಗೆ ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುತ್ತದೆ. ಮೂವತ್ತೈದು ವರ್ಷದಿಂದ ತಾಗುತ್ತಲೇ ಇದೆ, ಆಸಾಮಿಗೆ ಇನ್ನೂ ಬುದ್ಧಿ ಬಂದಿಲ್ಲ. ಕಾಲಲ್ಲಿ ತುಳಿಯುವ ಸಾಣೆಚಕ್ರ, ಒರಟಿನಿಂದ ನುಣುಪಿನವರೆಗೆ ಮೂರು ಮಸೆಗಲ್ಲು, ಗೋಡೆಗೆ ಮೊಳೆ ಹೊಡೆದ ಚರ್ಮದ ಪಟ್ಟಿ, ನೀರಿನ ಬಕೆಟ್ಟು, ಬಂದವರು ಕೂರಲು ಒಂದು ಸ್ಟೂಲು. ಮೇಲೆ ಎರಡು ಕೋಣೆಯ ಮನೆ, ಅಲ್ಲಿ ಅವನೂ ಅವನ ಅಕ್ಕನೂ. ಅವನಿಗೆ ಐವತ್ತಾರು. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ "ಪುರುಸೊತ್ತಾಗಲಿಲ್ಲ" ಅನ್ನುತ್ತಿದ್ದ. ಅಕ್ಕನಿಗೆ ಅರವತ್ತು ದಾಟಿದೆ, ಕೋಪ ಮಾತ್ರ ಈಗಲೂ ಮೂಗಿನ ತುದಿಯಲ್ಲೇ. ಅವರಪ್ಪ ಇಬ್ಬರಿಗೂ ಸಾಣೆ ಹಿಡಿಯೋದು ಕಲಿಸಿದ್ದ. ಕೆಲಸ ತಮ್ಮನ ಪಾಲಿಗೆ ಬಂತು, ತಪ್ಪು ಹುಡುಕೋದು ಅಕ್ಕನ ಪಾಲಿಗೆ ಬಂತು.

ಸಾಣೆಮಾವನ ಲೆಕ್ಕದಲ್ಲಿ ಲೋಕದ ಅಲಗುಗಳೆಲ್ಲ ನಾಲ್ಕೇ ಬಗೆ, ನಾಲ್ಕಕ್ಕೂ ಅವನೇ ಇಟ್ಟ ಹೆಸರು. ಅಲಗಿನ ಎರಡೂ ಪಕ್ಕ, ಅವನ ಮಾತಲ್ಲಿ ಕೆನ್ನೆ, ಹೊರಕ್ಕೆ ಉಬ್ಬಿಕೊಂಡು ಬಂದು ಅಂಚಿನಲ್ಲಿ ಸೇರಿದರೆ ಅದು ಹೊಟ್ಟೆಯವ. ಮೂಳೆ ಕಡಿಯುವವರಿಗೆ, ಕುಂಬಳಕಾಯಿ ಸೀಳುವವರಿಗೆ, ದಿನವಿಡೀ ಮಣೆಯ ಮೇಲೆ ಬಡಿಯುವವರಿಗೆ ಅವನೇ ಸರಿ. ಬೆನ್ನಿನಿಂದ ಅಂಚಿನವರೆಗೆ ನೇರ ಇಳಿದರೆ ಇಳಿಜಾರು, ಅದು ಮನೆ ಅಡುಗೆಗೆ. ಒಂದೇ ಕೆನ್ನೆ ಇಳಿದು ಇನ್ನೊಂದು ಚಪ್ಪಟೆಯಾಗೇ ಉಳಿದರೆ ಒಕ್ಕಣ್ಣ, ಚರ್ಮ ಕೊಯ್ಯುವವರಿಗೆ. ಇನ್ನು ಕೆನ್ನೆ ಎರಡೂ ಒಳಕ್ಕೆ ಕುಳಿಬಿದ್ದು ಅಂಚು ಕಾಗದದಷ್ಟು ತೆಳ್ಳಗಾಯಿತೋ, ಅವನು ಹಸಿದವ. ಕ್ಷೌರದ ಕತ್ತಿಗೆ ಬಿಟ್ಟರೆ ಇನ್ನೆಲ್ಲಿಗೂ ಆಗದವನು. ಹರಿತ ಅಂದರೆ ಹಸಿದವನದೇ ಹರಿತ, ಒಪ್ಪೋಣ. ಆದರೆ ನೊರೆ ಹಚ್ಚಿದ ಗಡ್ಡದ ಮೇಲೆ ಮಾತ್ರ. ಮಣೆಯ ಮೇಲೆ ನಾಲ್ಕು ದಿನ ಬಡಿದರೆ ಅಂಚು ಮಡಚಿಕೊಂಡು ಮಲಗಿಬಿಡುತ್ತದೆ.

ಯಾರಿಗೆ ಯಾವುದು ಎಂದು ತೀರ್ಮಾನಿಸಲಿಕ್ಕೇ ಅಷ್ಟೆಲ್ಲ ವಿಚಾರಣೆ. ಅದಾದ ಮೇಲೆ ಅವನು ಕೊಡುವ ಮಾತು ಒಂದೇ: "ಇನ್ನು ಮೂರು ತಿಂಗಳು ಈ ಕಡೆ ತಲೆ ಹಾಕಬೇಡಿ." ಅದಕ್ಕೆ ಮೊದಲೇ ಯಾರಾದರೂ ಬಂದರೆ ಚಾಕುವನ್ನು ಬೆಳಕಿಗೆ ಹಿಡಿದು, "ಏನ್ರೀ, ಕಲ್ಲು ಹೆಚ್ಚಿದ್ರಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದ.

ಇಂಥ ಮನುಷ್ಯನ ಅಂಗಡಿಗೆ ಒಂದು ಗುರುವಾರ ಮಧ್ಯಾಹ್ನ ಕ್ಯಾಂಟೀನಮ್ಮ ಬಂದಳು. ಎದುರಿನ ದೊಡ್ಡ ಆಫೀಸು ಕಟ್ಟಡದ ಕ್ಯಾಂಟೀನಿಗೆ ಆ ತಿಂಗಳಷ್ಟೇ ಸೇರಿದ ಮುಖ್ಯ ಅಡುಗೆಯಾಕೆ. ಐವತ್ತೆರಡರ ಹೆಂಗಸು, ಗಂಡ ತೀರಿಕೊಂಡು ಒಂಬತ್ತು ವರ್ಷ, ಒಬ್ಬಳೇ ಮಗಳು ಮದುವೆಯಾಗಿ ದೂರದ ಊರಲ್ಲಿ. ಏಪ್ರನ್ನಿನಲ್ಲಿ ಸುತ್ತಿದ್ದ ಐದು ಚಾಕುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

"ಏನು ಹೆಚ್ತೀರಿ?" ವಿಚಾರಣೆ ಶುರುವಾಯಿತು.

"ಸಿಕ್ಕಿದ್ದೆಲ್ಲ. ದಿನಕ್ಕೆ ಮುನ್ನೂರು ಜನ ಉಣ್ತಾರೆ. ಕೈಗೆ ಸಿಕ್ಕಿದ್ರೆ ಮ್ಯಾನೇಜರನ್ನೂ ಹೆಚ್ತೀನಿ."

"ಯಾವ ಕೈಲಿ?"

"ತರಕಾರಿ ಆದ್ರೆ ಬಲಗೈಲಿ. ಮ್ಯಾನೇಜರಿಗಾದ್ರೆ ಎರಡೂ ಕೈಲಿ."

ಸಾಣೆಮಾವ ಮೂವತ್ತೈದು ವರ್ಷದಲ್ಲಿ ಮೊದಲ ಸಲ ಮುಂದಿನ ಪ್ರಶ್ನೆ ಮರೆತ. ಆಕೆ ಸ್ಟೂಲಿನ ಮೇಲೆ ಕೂತಳು. ಐದು ಚಾಕು ಮುಗಿಯಲು ಮುಕ್ಕಾಲು ಗಂಟೆ ಬೇಕು. ಅಷ್ಟೂ ಹೊತ್ತು ಆಕೆ ಮಾತಾಡಿದಳು, ನಕ್ಕಳು, ಅವನ ತಲೆ ಮೆಟ್ಟಿಲಿಗೆ ಬಡಿದಾಗ "ಅಯ್ಯೋ!" ಅಂತ ಕೂಗಿ ಆಮೇಲೆ ಮತ್ತೂ ಜೋರಾಗಿ ನಕ್ಕಳು. ತನ್ನ ಕೈಯ ಬಗ್ಗೆ ಆಕೆಗೆ ಬಹಳ ಹೆಮ್ಮೆ. "ಹದಿನೆಂಟನೇ ವಯಸ್ಸಿಂದ ಹೆಚ್ತಾ ಇದೀನಿ. ಒಂದು ಚೀಲ ಈರುಳ್ಳಿ ಒಂದು ಗಂಟೇಲಿ. ನಾನು ಹೆಚ್ಚಿದ ಕ್ಯಾರೆಟ್ಟು ನೋಡಿ, ಒಂದು ಚೂರಿಗೂ ಇನ್ನೊಂದು ಚೂರಿಗೂ ಕೂದಲೆಳೆ ವ್ಯತ್ಯಾಸ ಇರಲ್ಲ. ಈ ಕೈ ಇದ್ರೆ ನಾನು ರೀ. ಇಲ್ಲಾಂದ್ರೆ ನಾನ್ಯಾರು?" ಎಂದು ಬೆರಳು ಬಿಡಿಸಿ ತೋರಿಸಿದಳು.

ಅವನು ಐದಕ್ಕೂ ಒಳ್ಳೇ ಹೊಟ್ಟೆ ಬರಿಸಿ, ಚರ್ಮದ ಪಟ್ಟಿಗೆ ಎಳೆದು, ಏಪ್ರನ್ನಿನಲ್ಲಿ ಸುತ್ತಿಕೊಟ್ಟು, ಅಭ್ಯಾಸಬಲದಿಂದ ಹೇಳಿಬಿಟ್ಟ: "ಇನ್ನು ಮೂರು ತಿಂಗಳು ಈ ಕಡೆ ತಲೆ ಹಾಕಬೇಡಿ."

ಆಕೆ ರಸ್ತೆ ದಾಟಿ ಹೋದಳು. ಅಂಗಡಿ ಇದ್ದಕ್ಕಿದ್ದಂತೆ ಬಣಗುಟ್ಟಿತು. ಆಗ ನಾಲಿಗೆ ಕಚ್ಚಿಕೊಂಡ. ಮೂರು ತಿಂಗಳು! ತನ್ನ ಬಾಯಿಂದ ತಾನೇ ಹೇಳಿದ್ದು!

ಆ ಮೂರು ತಿಂಗಳು ಹೇಗೆ ಕಳೆದ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ನಗುತ್ತೀರಿ. ಬೀದಿಯಲ್ಲಿ ಏಪ್ರನ್ನು ಕಂಡಲ್ಲೆಲ್ಲ ಕತ್ತು ನಿಮಿರಿಸುತ್ತಿದ್ದ ಅಂತ ಮಾತ್ರ ಹೇಳುತ್ತೇನೆ. ಆಕೆಯಂತೂ ಮಾತಿಗೆ ತಪ್ಪದವಳು. ಸರಿಯಾಗಿ ಮೂರು ತಿಂಗಳಿಗೆ ಬಂದಳು, ಒಂದು ದಿನ ಹಿಂದಿಲ್ಲ ಮುಂದಿಲ್ಲ. ಚಾಕುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಅಂಚು ಇನ್ನೂ ಹದಿನೈದು ದಿನ ಬಾಳುವ ಹಾಗಿದೆ. ಅವನಿಗೆ ತನ್ನ ಕೆಲಸದ ಮೇಲೆ ಜೀವಮಾನದಲ್ಲೇ ಮೊದಲ ಬಾರಿ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಮಾಡೋ ಅಂತ ಯಾರು ಹೇಳಿದ್ದರು!

ಆ ಸಿಟ್ಟಿನಲ್ಲೇ ಅವನಿಗೆ ದುರ್ಬುದ್ಧಿ ಹುಟ್ಟಿತು. ಆಕೆ ಸ್ಟೂಲಿನ ಮೇಲೆ ಕೂತು ಮ್ಯಾನೇಜರನ ಕಥೆ ಹೇಳುತ್ತಿದ್ದರೆ ಇವನು ಚಾಕುವಿನ ಕೆನ್ನೆಯನ್ನು ಚಕ್ರದ ದುಂಡಿಗೆ ಒತ್ತಿ ಹಿಡಿದ. ಹೊಟ್ಟೆ ಕರಗಿತು. ಇನ್ನೂ ಒತ್ತಿದ. ಕುಳಿ ಬಿತ್ತು. ತಿರುಗಿಸಿ ಆ ಕಡೆಗೂ ಹಾಗೇ. ಮುನ್ನೂರು ಜನರ ಅಡುಗೆಯ ಚಾಕುವಿಗೆ ಕ್ಷೌರದ ಕತ್ತಿಯ ಅಂಚು! ಅಪ್ಪ ಬದುಕಿದ್ದರೆ ಕಿವಿ ಹಿಡಿದು ಅಂಗಡಿಯಿಂದ ಆಚೆ ದಬ್ಬುತ್ತಿದ್ದ. ಇವನೋ, ನಾನೇನು ಮೊಂಡು ಮಾಡಿ ಕೊಡುತ್ತಿದ್ದೇನಾ, ಎಲ್ಲಕ್ಕಿಂತ ಹರಿತ ಮಾಡಿ ಕೊಡುತ್ತಿದ್ದೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮುಂದಿನ ಗುರುವಾರ ಆಕೆ ಹಾಜರು. "ಏನ್ರೀ ಸಾಣೆಯವರೇ, ಮೊದಲ ಎರಡು ದಿನ ಬೆಣ್ಣೆ ಬೆಣ್ಣೆ. ಈಗ ನೋಡಿದ್ರೆ ಟೊಮೇಟೊ ಸಿಪ್ಪೆನೂ ಕೊಯ್ಯಲ್ಲ ಅನ್ನುತ್ತೆ. ಹೋದ ಸಲ ಮೂರು ತಿಂಗಳು ಬಂತಲ್ಲ?"

ಏನಾದರೂ ಹೇಳಬೇಕಲ್ಲ. ಬಾಯಿಗೆ ಬಂದದ್ದು ಹೇಳಿದ. "ಕೈ ಸ್ವಲ್ಪ ಭಾರ ಬೀಳ್ತಾ ಇರಬೇಕು."

ಆಕೆಯ ಮುಖ ಒಂದು ಗಳಿಗೆ ಸಪ್ಪಗಾಯಿತು. ಅವನು ಅದನ್ನು ನೋಡಲಿಲ್ಲ. ಎಲ್ಲಿ ನೋಡುತ್ತಾನೆ, ವಾರಕ್ಕೊಂದು ಸಲ ಬರುತ್ತಾಳೆ ಎಂಬ ಖುಷಿಯಲ್ಲಿ ಕಣ್ಣೇ ಕಾಣುತ್ತಿರಲಿಲ್ಲ ಪುಣ್ಯಾತ್ಮನಿಗೆ!

ಹೀಗೇ ಎಂಟು ಗುರುವಾರ. ಗುರುವಾರ ಬೆಳಿಗ್ಗೆ ಅವನು ಗಡ್ಡ ಬೋಳಿಸಿಕೊಳ್ಳಲು ಶುರುಮಾಡಿದ. ಸ್ಟೂಲಿನ ಮೇಲೊಂದು ದಿಂಬು ಬಂತು. ಅಕ್ಕ ಇದನ್ನೆಲ್ಲ ಮೇಲಿನಿಂದ ನೋಡುತ್ತಲೇ ಇದ್ದಳು, ಒಳಗೊಳಗೇ ನಗುತ್ತಲೂ ಇದ್ದಳು. ತಮ್ಮನಿಗೆ ಈ ವಯಸ್ಸಿನಲ್ಲಾದರೂ ಪುರುಸೊತ್ತು ಸಿಕ್ಕಿತಲ್ಲ ಎಂದು ಅವಳಿಗೆ ನಿಜವಾಗಿಯೂ ಸಂತೋಷ. ಎಂಟನೇ ಗುರುವಾರ ಮೂರು ಲೋಟ ಚಹಾ ಹಿಡಿದು ಕೆಳಗಿಳಿದು ಬಂದಳು. ಜೊತೆಗೆ ಒಂದು ಸೌತೆಕಾಯಿ. ಬಂದವರಿಗೆ ಹೆಚ್ಚಿ ಕೊಡೋಣ ಎಂದು ಆಗಷ್ಟೇ ಮುಗಿದ ಚಾಕುವೊಂದನ್ನು ಕೈಗೆತ್ತಿಕೊಂಡಳು. ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸಿದಳು, ಬೆಳಕಿಗೆ ಹಿಡಿದಳು, ತಮ್ಮನ ಮುಖ ನೋಡಿದಳು. ತಮ್ಮ ಚಕ್ರದ ಮುಖ ನೋಡಿದ. ಅಕ್ಕ ಸೌತೆಕಾಯಿ ಹೆಚ್ಚಿ ಕೊಟ್ಟಳು.

ಕ್ಯಾಂಟೀನಮ್ಮ ಅತ್ತ ಹೋದದ್ದೇ ತಡ, ಇತ್ತ ಗುಡುಗಿತು.

"ಯಾವನೋ ಅಡುಗೆ ಚಾಕುಗೆ ಕುಳಿ ಹೊಡೆದವನು?"

"ಅದು ಅಕ್ಕ... ಹರಿತ ಜಾಸ್ತಿ ಇರಲಿ ಅಂತ..."

"ನನ್ನ ಮುಂದೆ ನಾಟಕ ಆಡ್ತೀಯಾ? ನಾಲ್ಕು ಬೆರಳಗಲ ಇದ್ದ ಚಾಕು ಮೂರು ಬೆರಳಾಗಿದೆ! ವಾರ ವಾರ ಉಕ್ಕು ತಿಂದು ಹಾಕಿದ್ದೀಯ! ಆಕೆ ಬರಲಿ ಅಂತ ತಾನೇ?"

ಸಾಣೆಮಾವ ಎದ್ದು ನಿಂತ, ತಲೆ ಮೆಟ್ಟಿಲಿಗೆ ಬಡಿಯಿತು, ಮತ್ತೆ ಕೂತ. "ಹೌದು" ಎಂದ.

ಅಕ್ಕನ ಸಿಟ್ಟು ಅರ್ಧ ಇಳಿಯಿತು. ಅರ್ಧ ಹಾಗೇ ಇತ್ತು. "ಮುಂದಿನ ಗುರುವಾರ ನೀನೇ ಬಾಯಿಬಿಟ್ಟು ಹೇಳಬೇಕು. ಹೇಳಲಿಲ್ಲವೋ, ನಾನು ಹೇಳ್ತೀನಿ. ನಾನು ಹೇಳೋ ರೀತಿ ನಿನಗೆ ಗೊತ್ತಲ್ಲ."

ಗೊತ್ತಿತ್ತು. ಆ ವಾರವೆಲ್ಲ ಅದೇ ಲೆಕ್ಕಾಚಾರ. ಹೇಳಿದರೆ ಆಕೆ ಇನ್ನು ಈ ಅಂಗಡಿಯ ಕಡೆ ತಿರುಗಿ ನೋಡಲಾರಳು. ಹೇಳದಿದ್ದರೆ ಅಕ್ಕ ಹೇಳುತ್ತಾಳೆ, ಆಕೆಯೂ ಹೋದಳು, ಮಾನವೂ ಹೋಯಿತು. ಹೊಸ ಐದು ಚಾಕು ತಂದು, ಎಲ್ಲಕ್ಕೂ ಹೊಟ್ಟೆ ಬರಿಸಿ, ಅವನ್ನು ಕೊಟ್ಟು ಸುಮ್ಮನಾಗಿಬಿಡಲೇ ಎಂದು ಯೋಚಿಸಿದ. ಚಾಕುಗಳನ್ನು ತಂದೂ ತಂದ, ನಾಲ್ಕು ದಿನ ಕೂತು ಹದವಾಗಿ ಸಾಣೆ ಹಿಡಿದೂ ಹಿಡಿದ. ಆದರೆ ಅಕ್ಕ ಮೆಟ್ಟಿಲು ಇಳಿಯುವಾಗಲೆಲ್ಲ "ಗುರುವಾರ" ಎಂದು ಒಂದೇ ಮಾತು ಹೇಳಿ ಹೋಗುತ್ತಿದ್ದಳು.

ಗುರುವಾರ ಬಂತು. ಕ್ಯಾಂಟೀನಮ್ಮನೂ ಬಂದಳು. ಆದರೆ ನಗು ಬಂದಿರಲಿಲ್ಲ. ಏಪ್ರನ್ನಿನ ಗಂಟು ಮೇಜಿನ ಮೇಲಿಟ್ಟು ಬಿಚ್ಚದೆಯೇ ಕೂತಳು.

"ಸಾಣೆಯವರೇ, ಇದೇ ಕೊನೇ ಸಲ. ನಾಳೆ ಮ್ಯಾನೇಜರಿಗೆ ಕೆಲಸ ಬಿಟ್ಟೆ ಅಂತ ಚೀಟಿ ಕೊಟ್ಟುಬಿಡ್ತೀನಿ. ಮಗಳ ಮನೆಗೆ ಹೋಗ್ತೀನಿ."

"ಯಾಕೆ? ಏನಾಯ್ತು?"

"ನೀವೇ ಹೇಳಿದ್ರಲ್ಲ. ಕೈ ಭಾರ ಆಗಿದೆ ಅಂತ." ಆಕೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೇರೆಯವರ ಕೈ ನೋಡುವ ಹಾಗೆ ನೋಡಿದಳು. "ಮೂವತ್ನಾಲ್ಕು ವರ್ಷ ಹೆಚ್ಚಿದ್ದೀನಿ ರೀ. ಒಂದು ಚಾಕೂನ ಎಂಟು ದಿನಕ್ಕೆ ಕೊಂದವಳಲ್ಲ. ಹಗುರ ಹಿಡಿದು ನೋಡಿದೆ, ಮಣೆ ಬದಲಾಯಿಸಿ ನೋಡಿದೆ. ಏನು ಮಾಡಿದ್ರೂ ಎಂಟು ದಿನ. ಅಡುಗೆಮನೆ ಹುಡುಗೀರು ಈಗ ನಾನು ಹೆಚ್ಚೋಕೆ ಹೋದ್ರೆ 'ಬಿಡಿ ಅಮ್ಮ, ನಾವು ಮಾಡ್ತೀವಿ' ಅಂತಾರೆ. ಕೈ ಹೋದ ಮೇಲೆ ಅಲ್ಲಿ ಕೂತು ನಾನೇನು ಮಾಡ್ಲಿ?"

ಆಕೆ ಬರುವುದಿಲ್ಲ, ಸಿಟ್ಟಾಗುತ್ತಾಳೆ, ಬೈಯುತ್ತಾಳೆ, ಇಷ್ಟೇ ಸಾಣೆಮಾವ ಈ ವಾರವೆಲ್ಲ ಹೆದರಿದ್ದು. ಇದನ್ನು ಅವನು ಕನಸಲ್ಲೂ ಎಣಿಸಿರಲಿಲ್ಲ. ಬಾಯಿಗೆ ಬಂದ ಒಂದು ಸುಳ್ಳಿನಿಂದ ಈ ಹೆಂಗಸಿನ ಮೂವತ್ನಾಲ್ಕು ವರ್ಷವನ್ನೇ ಕಿತ್ತುಕೊಂಡಿದ್ದ. ಅಯ್ಯೋ, ನಾನೆಂಥ ಪಾಪಿ ಅನ್ನಿಸಿತು.

"ಕೊಡಿ ಇಲ್ಲಿ" ಎಂದು ಗಂಟು ಬಿಚ್ಚಿದ. ದೊಡ್ಡ ಚಾಕುವನ್ನು ಎತ್ತಿ, ಭೂತಗನ್ನಡಿ ತೆಗೆದು ಆಕೆಯ ಕೈಗೆ ಕೊಟ್ಟ. "ಈ ಅಂಚು ನೋಡಿ. ಹಿಡಿ ಕಡೆಯಿಂದ ಶುರುಮಾಡಿ, ಮೊನೆವರೆಗೂ ನೋಡಿ. ಏನು ಕಾಣುತ್ತೆ?"

"ಮಡಚಿಕೊಂಡಿದೆ."

"ಎಲ್ಲಿ?"

"ಎಲ್ಲಾ ಕಡೆ."

"ಎಲ್ಲಾ ಕಡೆ ಒಂದೇ ಸಮ, ಅಲ್ವಾ? ಕೈ ಕೆಟ್ಟವರ ಚಾಕು ನಾನು ಸಾವಿರ ನೋಡಿದ್ದೀನಿ. ಕೈ ಭಾರ ಬಿದ್ರೆ ನಡುವೆ ಹಳ್ಳ ಬೀಳುತ್ತೆ. ಮಣಿಕಟ್ಟು ಸೋತಿದ್ರೆ ಒಂದೇ ಪಕ್ಕಕ್ಕೆ ಮಡಚುತ್ತೆ. ತಿರುಚಿ ಹೆಚ್ಚಿದ್ರೆ ಅಲ್ಲಲ್ಲಿ ಚೂರು ಹಾರಿರುತ್ತೆ. ನಿಮ್ಮದರಲ್ಲಿ ಒಂದು ಹಳ್ಳ ತೋರಿಸಿ ನೋಡೋಣ! ಹಿಡಿಯಿಂದ ಮೊನೆವರೆಗೆ ಗೆರೆ ಎಳೆದ ಹಾಗೆ ಸವೆದಿದೆ. ಮೂವತ್ತೈದು ವರ್ಷದಲ್ಲಿ ಇಂಥ ಕೈ ನಾನು ಕಂಡಿಲ್ಲ."

ಆಕೆ ಭೂತಗನ್ನಡಿಯನ್ನು ಅಂಚಿನುದ್ದಕ್ಕೂ ಎರಡು ಸಲ ಸರಿಸಿದಳು. ಮೂರನೇ ಸಲವೂ ಸರಿಸಿದಳು.

"ಅಂದ್ರೆ ನನ್ನ ಕೈ ಸರಿ ಇದೆಯಾ?"

"ಬಂಗಾರದ ಹಾಗಿದೆ."

"ನಿಜ ಹೇಳಿ."

"ನಮ್ಮಪ್ಪನಾಣೆ."

ಆಕೆಗೆ ಅಳು ಬಂದುಬಿಟ್ಟಿತು. ಸೆರಗಿಲ್ಲ, ಕರವಸ್ತ್ರವಿಲ್ಲ, ಚಾಕು ಸುತ್ತಿದ್ದ ಏಪ್ರನ್ನಿನಲ್ಲೇ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಳುತ್ತಲೇ ನಕ್ಕಳು. "ಕೈ ಸರಿ ಇದೆ! ಹಾಳಾದ್ದು, ಕೈ ಸರಿ ಇದೆ!" ಎಂದು ಬೆರಳುಗಳನ್ನು ಮಡಚಿ ಬಿಡಿಸಿ ಮಾಡಿದಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವನಿಗೆ. ಅದು ಎರಡು ನಿಮಿಷ. ಆಮೇಲೆ ಆಕೆ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಮತ್ತೆ ಚಾಕು ಯಾಕೆ ಎಂಟು ದಿನಕ್ಕೆ ಸಾಯುತ್ತೆ?"

ಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ನಿಂತಿತು. ಅಕ್ಕ. ಸಾಣೆಮಾವ ಆಕೆಯ ಕಡೆ ತಿರುಗಿದ.

"ನಾನು ಸಾಯಿಸಿದ್ದು. ಅಡುಗೆ ಚಾಕುಗೆ ಹೊಟ್ಟೆ ಇರಬೇಕು. ನಾನು ಅದನ್ನ ತೆಗೆದು ಕ್ಷೌರದ ಕತ್ತಿ ಹಾಗೆ ಕುಳಿ ಮಾಡಿದೆ. ಬೇಗ ಮಡಚಿಕೊಳ್ಳಲಿ ಅಂತಲೇ ಮಾಡಿದೆ. ಕೈ ಭಾರ ಅಂದದ್ದು ಸುಳ್ಳು."

"ಯಾಕೆ?"

"ನೀವು ಬರಲಿ ಅಂತ."

ಕ್ಯಾಂಟೀನಮ್ಮನ ಮುಖ ಕೆಂಪಗಾಯಿತು. ಎಂಟು ವಾರದ ನಿದ್ದೆಗೇಡು, ಹುಡುಗಿಯರ ಪಿಸುಮಾತು, ಬರೆದಿಟ್ಟ ಚೀಟಿ, ಎಲ್ಲ ಒಟ್ಟಿಗೆ ಎದ್ದು ಬಂತು.

"ಎಂಟು ವಾರ! ಎಂಟು ವಾರ ನಾನು ನನ್ನ ಕೈಯನ್ನೇ ಬೈದಿದ್ದೀನಿ ರೀ! ರಾತ್ರಿ ಬಿಸಿ ಎಣ್ಣೆ ಹಚ್ಚಿ ಉಜ್ಜಿದ್ದೀನಿ! ಮಗಳಿಗೆ ಫೋನ್ ಮಾಡಿ ಅತ್ತಿದ್ದೀನಿ! ನೀವು ಇಲ್ಲಿ ಕೂತು ದಿಂಬು ಹಾಕಿ ಚಹಾ ಕುಡಿಸ್ತಾ ಇದ್ರಾ?" ಎದ್ದು ನಿಂತಳು, ಏಪ್ರನ್ನು ಹೆಗಲಿಗೆ ಎಸೆದುಕೊಂಡಳು. ಚಾಕುಗಳನ್ನು ಮುಟ್ಟಲೂ ಇಲ್ಲ. ರಸ್ತೆಗಿಳಿದವಳು ಮತ್ತೆ ತಿರುಗಿ ಬಂದು ಬಾಗಿಲಲ್ಲಿ ನಿಂತು ಅಂದಳು: "ನೋಡಬೇಕು ಅನ್ನಿಸಿದ್ರೆ ನೀವೇ ಬರಬಹುದಿತ್ತಲ್ಲ? ರಸ್ತೆ ದಾಟೋಕೆ ನಿಮಗೆ ಕಾಲಿರಲಿಲ್ವಾ?"

ಹೊರಟೇ ಹೋದಳು.

ಸಾಣೆಮಾವ ಗರ ಬಡಿದವನ ಹಾಗೆ ಕೂತಿದ್ದ. ಅಕ್ಕ ಕೆಳಗಿಳಿದು ಬಂದಳು.

"ಮುಗೀತು ಅಕ್ಕ" ಎಂದ ಅವನು. "ಕಾಲಿರಲಿಲ್ವಾ ಅಂತ ಬೈದು ಹೋದಳು."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ ಮಂಕೇ! ನಿನಗೆ ಕಾಲಿದೆಯೋ ಇಲ್ವೋ?"

"ಇದೆ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ?"

ಅವನು ಹೊಸ ಐದು ಚಾಕುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದ. ನಿಜ ಹೇಳಬೇಕೆಂದರೆ, ಆಕೆಯನ್ನು ಇಲ್ಲಿಗೆ ಬರಿಸಲು ಅಷ್ಟೊಂದು ಉಕ್ಕು ತೇಯ್ದ ಮನುಷ್ಯನಿಗೆ ತಾನೇ ಅಲ್ಲಿಗೆ ಹೋಗಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಚಾಕು ಇವನ ಹತ್ತಿರ ಬರುವುದು, ಇವನು ಚಾಕುವಿನ ಹತ್ತಿರ ಹೋಗುವುದಲ್ಲ, ಮೂವತ್ತೈದು ವರ್ಷದ ರೂಢಿ ಅದು.

ಕ್ಯಾಂಟೀನಿನ ಅಡುಗೆಮನೆ ನಾಲ್ಕನೇ ಮಹಡಿಯಲ್ಲಿ. ಹತ್ತಿ ಹೋಗುವಷ್ಟರಲ್ಲಿ ಏದುಸಿರು ಬಂತು. ಹಬೆ, ಪಾತ್ರೆಗಳ ಸದ್ದು, ಉದ್ದನೆಯ ಸ್ಟೀಲಿನ ಮೇಜು. ಹುಡುಗಿಯರು ಕೆಲಸ ನಿಲ್ಲಿಸಿ ಪಿಳಿಪಿಳಿ ನೋಡಿದರು. ಅವನು ಕಾಗದ ಬಿಚ್ಚಿ ಚಾಕುಗಳನ್ನು ಸಾಲಾಗಿ ಇಟ್ಟ. ಕ್ಯಾಂಟೀನಮ್ಮ ದೊಡ್ಡದನ್ನು ಎತ್ತಿ ಕೆನ್ನೆ ಸವರಿ ನೋಡಿದಳು. ಹೊಟ್ಟೆ ಇತ್ತು. ಒಂದು ಎಲೆಕೋಸು ಮುಂದಕ್ಕೆಳೆದು ಎರಡು ಹೋಳು ಮಾಡಿ ಹೆಚ್ಚತೊಡಗಿದಳು.

ಸಾಣೆಮಾವ ನಿಂತುಬಿಟ್ಟ. ಎಷ್ಟು ಸಾವಿರ ಚಾಕು ಅವನ ಕೈಯಲ್ಲಿ ಹಾದು ಹೋಗಿತ್ತೋ, ಎಲ್ಲವನ್ನೂ ಅವನು ಕಂಡದ್ದು ಮೊಂಡಾಗಿ ಬಂದಾಗ ಮಾತ್ರ. ಹರಿತ ಮಾಡಿ ಕಳಿಸಿದ ಮೇಲೆ ಅದು ಒಳ್ಳೇ ಕೈಯೊಂದರಲ್ಲಿ ಏನು ಮಾಡುತ್ತದೆ ಎಂದು ಅವನು ಇವತ್ತಿನವರೆಗೆ ನೋಡಿಯೇ ಇರಲಿಲ್ಲ. ಮೊನೆ ಮಣೆ ಬಿಟ್ಟು ಏಳುತ್ತಿರಲಿಲ್ಲ, ಹಿಡಿ ಮಾತ್ರ ಏಳುತ್ತಿತ್ತು ಇಳಿಯುತ್ತಿತ್ತು, ಎಲೆಕೋಸು ನೂಲುನೂಲಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಸದ್ದು ಕೂಡ ಎಷ್ಟು ಸಣ್ಣದು! ಅವನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡಲೂ ಅವನಿಗೆ ತೋಚಲಿಲ್ಲ.

"ಎಷ್ಟು ಚೆನ್ನಾಗಿದೆ" ಎಂದ.

ಆಕೆ ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮೊಣಕೈಯಿಂದ ಮೂಲೆಯ ಕಡೆ ತೋರಿಸಿದಳು. ಅಲ್ಲಿ ಈರುಳ್ಳಿ ಚೀಲ ಇತ್ತು.

"ನಿಂತು ನೋಡಿದ್ದು ಸಾಕು. ಎಂಟು ವಾರದ್ದು ಬಾಕಿ ಇದೆ, ಕೂತು ಸುಲೀರಿ. ನಾಳೆನೂ ಬರಬೇಕು."